ಬಿಸಿಲಿಗೆ ಹಿಡಿದು ನೋಡಿದ ಗಾರೆ

ಸೀರೆಗೆ ರವಿಕೆ ಬಟ್ಟೆ ಹೊಂದಿಸುವ ಮಹಾಯಾತ್ರೆಗೆ ಹೆಂಡತಿಯ ಜೊತೆ ಹೋಗಿಬಂದವರಾದರೆ, ಗೆಳೆಯರೇ, ನನ್ನ ಪಾಡನ್ನು ನಿಮಗೆ ವಿವರಿಸಬೇಕಾಗಿಲ್ಲ. ವಿಜಯನಗರದ ಮ್ಯಾಚಿಂಗ್ ಸೆಂಟರಿನವರು ಹತ್ತು ಬಗೆಯ ಹಸಿರನ್ನು ಹರಡಿದರೂ ನನ್ನಾಕೆ ಸರೋಜಾ ಟ್ಯೂಬ್‌ಲೈಟನ್ನು ನಂಬುವವಳಲ್ಲ. ಸೆರಗನ್ನೂ ಬಟ್ಟೆಯ ತುದಿಯನ್ನೂ ಹಿಡಿದು ಬೀದಿಗೆ ಬಂದು, ಬಿಸಿಲಿನಲ್ಲಿ ಹೊಂದಿಸಿ ನೋಡಿ, ಮೂಗು ಮುರಿದು ಮತ್ತೆ ಒಳಗೆ ಹೋಗುತ್ತಾಳೆ. ಹಸಿರೆಂದ ಮೇಲೆ ಹಸಿರೇ ಅಲ್ಲವೇ ಎಂದು ಒಮ್ಮೆ ಬಾಯಿತಪ್ಪಿ ಅಂದಿದ್ದೆ. ಅಂದಿನಿಂದ ನನಗೆ ಹೊರಗೆ ಚಪ್ಪಲಿ ಕಾಯುವ ಕೆಲಸ.

ಇಂಥ ನಾನು ಗೋಡೆ ರಿಪೇರಿಗೆ ಕೈಹಾಕಿದೆ. ಮಾರೇನಹಳ್ಳಿಯ ನಮ್ಮ ಮನೆಯ ಇಟ್ಟಿಗೆಯ ಮುಂಗೋಡೆಯನ್ನು ಕಟ್ಟಿದವರು ಗಾರೆ ಮೇಸ್ತ್ರಿಯಾಗಿದ್ದ ಸರೋಜಳ ತಂದೆ. ಇಟ್ಟಿಗೆಯ ಸಂದುಗಳಲ್ಲಿ ಅವರು ತುಂಬಿದ ಗಾರೆಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಅವರು ತೀರಿಕೊಂಡ ಮೇಲೆ ಅವಳಿಗೆ ಅಪ್ಪನ ಫೋಟೋಗಿಂತ ಆ ಗೋಡೆಯೇ ಹೆಚ್ಚು. ಈಚೆಗೆ ಸಂದುಗಳು ಅಲ್ಲಲ್ಲಿ ಉದುರತೊಡಗಿದ್ದವು. ಅವಳು ಕೆಂಗೇರಿಯ ತಂಗಿಯ ಮನೆಗೆ ಹೋದ ದಿನ, ಬಂದು ನೋಡಿ ಹಿಗ್ಗಲಿ ಎಂದು, ಸಿಮೆಂಟು, ಎಂ-ಸ್ಯಾಂಡು ತಂದು ಎರಡು ಸಾಲು ನಾನೇ ಮೆತ್ತಿಬಿಟ್ಟೆ. ಹಸಿಯಿದ್ದಾಗ ಬಣ್ಣ ತಕ್ಕಮಟ್ಟಿಗೆ ಹೊಂದಿತ್ತು, ದೇವರಾಣೆ! ಒಣಗಿತು ನೋಡಿ, ಗೋಡೆ ವಿಭೂತಿ ಬಳಿದುಕೊಂಡು ನಿಂತಿತು.

ಅವಳು ಬಂದವಳು ಬೈದಿದ್ದರೆ ಚೆನ್ನಾಗಿತ್ತು. "ಅಪ್ಪನ ಕೆಲಸ ಕಣ್ರೀ ಅದು" ಎಂದು ಕಣ್ಣೊರೆಸಿಕೊಂಡಳು. ನಾನು ಭೂಮಿಗಿಳಿದುಹೋದೆ.

ಯಾದಗಿರಿ ಕಡೆಯ ಮೇಸ್ತ್ರಿ ಶರಣಪ್ಪ ಬಂದರು. "ಹಸಿ ಇದ್ದಾಗ ಬಣ್ಣ ನೋಡಬ್ಯಾಡ್ರಿ ಸರ, ಅದು ಸುಳ್ಳು ಹೇಳ್ತದ" ಎಂದು ನಕ್ಕು, ಕೆಂಪು ಛಾಯೆಯ ಹೊಳೆಮರಳನ್ನು ಜರಡಿ ಹಿಡಿದು, ಬೂದು ಸಿಮೆಂಟಿಗೆ ಬಿಳಿ ಸಿಮೆಂಟು ಬೆರೆಸಿ, ಅಳತೆ ಬದಲಿಸುತ್ತ ನಾಲ್ಕು ಬಿಲ್ಲೆ ತಟ್ಟಿ ಒಣಗಲಿಟ್ಟರು. ಐದನೆಯ ದಿನ ಸರೋಜಾ ಒಂದೊಂದನ್ನೇ ಗೋಡೆಗೆ ಒತ್ತಿ, ಬಿಸಿಲಿನಲ್ಲೊಮ್ಮೆ ನೆರಳಿನಲ್ಲೊಮ್ಮೆ ನೋಡಿ, ಎರಡಕ್ಕೆ ಅದೇ ಮೂಗು ಮುರಿದು, ಮೂರನೆಯದಕ್ಕೆ ಒಪ್ಪಿ ತಲೆದೂಗಿದಳು. "ಅಕ್ಕಾರ ಕಣ್ಣು ಮೇಸ್ತ್ರಿ ಕಣ್ಣೈತ್ರಿ" ಎಂದರು ಶರಣಪ್ಪ. ಇಷ್ಟು ವರ್ಷ ಬೀದಿಯಲ್ಲಿ ನಿಂತು ಹಟವೆಂದು ನಾನು ಗೊಣಗಿದ್ದು ಅಪ್ಪನಿಂದ ಮಗಳಿಗೆ ಬಂದ ಕಣ್ಣಿಗೆ ಎಂಬುದು ಆಗ ಹೊಳೆದು ನಾಚಿಕೆಯಾಯಿತು.

ಅದೇ ಅಳತೆಯಲ್ಲಿ ಗಾರೆ ಕಲಸಿ ಶರಣಪ್ಪ ಉದುರಿದ ಸಂದುಗಳನ್ನು ತುಂಬಿದರು. ವಾರ ಕಳೆದು ಒಣಗಿದ ಮೇಲೆ ಹೊಸ ಸಂದು ಯಾವುದು, ಹಳೆಯದು ಯಾವುದು, ಗುರುತೇ ಸಿಗಲಿಲ್ಲ. ಗೋಡೆಯುದ್ದಕ್ಕೂ ಬೆರಳಾಡಿಸುತ್ತ ನಡೆದ ಸರೋಜಳ ಮುಖ ಮಾತ್ರ ಸಣ್ಣದಾಯಿತು. ಅಪ್ಪನ ಕೈ ಎಲ್ಲಿ ಮುಗಿಯಿತೆಂದು ಅವಳಿಗೂ ತಿಳಿಯಲಿಲ್ಲ. ಕೊನೆಗೆ ಉಳಿದಿದ್ದ ನನ್ನ ವಿಭೂತಿಪಟ್ಟೆಯನ್ನು ಕೆತ್ತಲು ಶರಣಪ್ಪ ಉಳಿ ಎತ್ತಿದಾಗ ಅವಳು ತಡೆದಳು.

"ಇರ್ಲಿ ಬಿಡಿ ಅಣ್ಣ. ಇದು ನಮ್ಮೆಜಮಾನ್ರದ್ದು. ಮಿಕ್ಕಿದ್ದೆಲ್ಲ ಅಪ್ಪಂದು ಅಂದ್ಕೋತೀನಿ."

ಮೊನ್ನೆ ಮತ್ತೆ ಮ್ಯಾಚಿಂಗ್ ಸೆಂಟರಿಗೆ ಹೋಗಿದ್ದೆವು. ಅವಳು ಬೀದಿಗೆ ಬಂದು ಸೆರಗಿನ ತುದಿಯನ್ನು ನನ್ನ ಕೈಗಿತ್ತಳು. ನಾನು ಚಪ್ಪಲಿಗಳನ್ನು ಅವುಗಳ ಪಾಡಿಗೆ ಬಿಟ್ಟು, ಅದನ್ನು ಬಿಸಿಲಿಗೆ ಹಿಡಿದು, ಆತುರಪಡದೆ ನೋಡಿದೆ.