ಉನೈಸಿ ಅತ್ತೆಯ ಗುಂಡಿಯಲ್ಲಿ ನೆಟ್ಟ ಕಂಬ

ಮಾದರಿ ತೋಟದ ಫಲಕ ಹೊರುವ ಕಂಬಕ್ಕೆ ಜಾಗ ಆರಿಸಿದವನು ನನ್ನ ಗಂಡ ಸೆತಾರೆಕಿ. ಗುಡ್ಡದ ಮೇಲೆ, ದೋಣಿಯಲ್ಲಿ ಬರುವವರಿಗೆಲ್ಲ ಕಾಣುವ ಹಾಗೆ. ಮಣ್ಣು ಮೆತ್ತಗಿತ್ತು, ಹಾರೆ ಸಲೀಸಾಗಿ ಇಳಿಯಿತು ಎಂದು ಮನೆಗೆ ಬಂದು ಹೇಳಿಕೊಂಡ. ಮರಗೆಣಸು ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ಎಲ್ಲಿ ಅಗೆದೆ?"

"ನಿನ್ ಕೆಸುವಿನ ತೋಟದ ಮೇಲ್ಗಡೆ, ಬಾಳೆ ಪಕ್ಕ. ಕಲ್ಲು ಪೇರಿಸಿತ್ತಲ್ಲ, ಅದನ್ನ ಎತ್ತಿ ಬಿಸಾಕಿದ್ವಿ. ಕೆಳಗೆ ಏನೋ ಕೊಳೆತು ನಾರ್ತಿತ್ತಮ್ಮ. ಯಾರೋ ಕಸ ಹೂತಿದ್ರು ಅನ್ಸುತ್ತೆ. ಸಿಮೆಂಟ್ ಸುರಿದು ಗಟ್ಟಿ ಮಾಡಿದೀವಿ."

ಅದು ಕಸವಲ್ಲ. ನಮ್ಮ ದವುಕೆ. ಬಾಳೆ ಎಲೆ ಹಾಸಿ, ದೀವಿ ಹಲಸು ತುಂಬಿ, ಮೇಲೆ ಕಲ್ಲು ಹೇರಿ ಹುಳಿ ಬರಿಸಲು ಬಿಡುವ ಗುಂಡಿ. ಒಳಗಿದ್ದದ್ದು ಎರಡು ಸುಗ್ಗಿಯ ಹಲಸು. ಹೋದ ಚಂಡಮಾರುತದ ನಂತರ ಹಡಗು ಬರುವವರೆಗೆ ಐದು ವಾರ ಊರೆಲ್ಲ ಬದುಕಿದ್ದು ಆ ಗುಂಡಿಯಿಂದ. ನನ್ನ ಗಂಡನೂ ಮೂಗು ಮುಚ್ಚಿಕೊಂಡು, ನಗೆಯಾಡಿಕೊಂಡು, ಎರಡೆರಡು ಸಲ ಬಡಿಸಿಕೊಂಡು ತಿಂದಿದ್ದ. ಆದರೆ ಗುಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಊರಿನ ಯಾವ ಗಂಡಸಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಅದನ್ನು ಅಗೆಯುವವರು, ತುಂಬುವವರು, ತೆಗೆದು ತರುವವರು ಹೆಂಗಸರು. ಗಂಡಸರಿಗೆ ಅದು ತಟ್ಟೆಯಲ್ಲಿ ಹುಟ್ಟುವ ವಸ್ತು.

ಅತ್ತೆ ಮಗನನ್ನು ಬೈಯಲಿಲ್ಲ. ಮತ್ತೆ ಗೆಣಸು ಸುಲಿದರು. ಸಿಪ್ಪೆಯ ಜೊತೆ ಅರ್ಧ ಗೆಣಸೂ ಹೋಗುತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಉನೈಸಿ ಅತ್ತೆ ಹತ್ತೊಂಬತ್ತನೇ ವಯಸ್ಸಿಗೆ ಹೊರಗಿನ ಒಂದು ಪುಟ್ಟ ದ್ವೀಪದಿಂದ ಈ ಊರಿಗೆ ಸೊಸೆಯಾಗಿ ಬಂದವರು. ಬಂದ ಎಂಟನೇ ವರ್ಷಕ್ಕೆ ಗಂಡ ಸಮುದ್ರದ ಪಾಲಾದ. ಅದೇ ವರ್ಷ ಅಲೆ ಒಳಗೆ ನುಗ್ಗಿ, ನದಿಯಂಚಿನ ಕೆಸುವಿನ ಮಡಿಗಳಲ್ಲಿ ಉಪ್ಪು ನಿಂತು ಗೆಡ್ಡೆ ಕೊಳೆತವು. ಮುಂದಿನ ವರ್ಷ ಸರಿಹೋಗುತ್ತದೆ ಎಂದು ಗಂಡಸರು ಅಲ್ಲೇ ನೆಟ್ಟರು. ಅತ್ತೆ ಉಳಿದ ಕೆಸುವಿನ ಮರಿಗೆಡ್ಡೆಗಳನ್ನು ಬುಟ್ಟಿಯಲ್ಲಿ ಹೊತ್ತು, ಬೆನ್ನಿಗೆ ಸೆತಾರೆಕಿಯನ್ನು ಕಟ್ಟಿಕೊಂಡು ಗುಡ್ಡ ಹತ್ತಿದರು. ಆಡು ಮೇಯಿಸೋಕೆ ಹೋಗ್ತಿದೀಯಾ ಎಂದು ಜನ ನಕ್ಕರಂತೆ. ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿದರು, ಮಣ್ಣು ಜಾರದಂತೆ ಅಂಚಿಗೆ ಹುಲ್ಲು ನೆಟ್ಟರು. ಬರಕ್ಕೆ ಬಗ್ಗದ ಕೆಂಪು ದಂಟಿನದು, ಆರು ತಿಂಗಳಿಗೇ ಬರುವ ಬಿಳಿಯದು, ಮಗುವಿಗೆ ಮೊದಲ ತುತ್ತಾಗಿ ಮಸೆದು ಕೊಡುವ ನಾರಿಲ್ಲದ್ದು, ಹೀಗೆ ಒಂಬತ್ತು ಜಾತಿಯ ಕೆಸು ಅಲ್ಲಿ ಉಳಿದಿತ್ತು. ಕೆಳಗೆ ಒಂದೂ ಉಳಿಯಲಿಲ್ಲ. ನನ್ನ ಮಗಳು ವಿಲಿಸಿ ಮೊದಲು ನುಂಗಿದ್ದು ಆ ನಾರಿಲ್ಲದ ಕೆಸುವನ್ನೇ.

ಕಂಬ ನೆಡುವ ಒಂದು ತಿಂಗಳ ಮುಂಚೆ ಪಟ್ಟಣದಿಂದ ಕೃಷಿ ಯೋಜನೆಯವರು ಬಂದಿದ್ದರು. ಹವಾಮಾನ ಕೆಟ್ಟರೂ ಬೆಳೆ ಕೆಡದ ಹಾಗೆ ಊರನ್ನು ಸಿದ್ಧಮಾಡುತ್ತೇವೆ ಎಂದರು. ಸಭಾಮನೆಯಲ್ಲಿ ಯಂಗೊನ ಬೇರು ಅರೆದ ಪಾನೀಯದ ಬಟ್ಟಲು ನಡುವೆ, ಸುತ್ತ ಗಂಡಸರು, ಬಾಗಿಲ ಬಳಿ ನಾವು. ಬಟ್ಟಲು ತಿರುಗುವಾಗ ಅಲ್ಲಿಂದ ಬಾಯಿ ಹಾಕುವಂತಿಲ್ಲ. ಊರ ಮುಖ್ಯಸ್ಥ ಅಪಿಸಾಯಿ ರೈತರ ಹೆಸರು ಹೇಳುತ್ತಾ ಹೋದರು, ಬಂದಾತ ಬರೆದುಕೊಳ್ಳುತ್ತಾ ಹೋದ.

"ಹೆಂಗಸರು?" ಎಂದ ಆತ.

"ಅವ್ರು ಮನೆಕೆಲ್ಸ" ಎಂದರು ಅಪಿಸಾಯಿ. "ಬರ್ಕೊಳ್ಳಿ, ನಮ್ಮೂರ ಹೆಂಗಸ್ರು ತುಂಬಾ ಒಳ್ಳೆ ಮನೆಕೆಲ್ಸ ಮಾಡ್ತಾರೆ."

ಎಲ್ಲರೂ ನಕ್ಕರು. ಆತ ಬರೆದುಕೊಂಡ. ಅತ್ತೆಯ ಗುಡ್ಡದ ತೋಟ ಅಪಿಸಾಯಿ ಹೆಸರಿನಲ್ಲಿ ಮಾದರಿ ತೋಟವಾಯಿತು. ಕೆಸುವನ್ನು ಕಿತ್ತು, ಮೇಲಿಂದ ಕೆಳಕ್ಕೆ ನೇರ ಸಾಲಿನಲ್ಲಿ ಮತ್ತೆ ನೆಡಬೇಕಂತೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದಂತೆ. ಮೊದಲ ದೊಡ್ಡ ಮಳೆಗೆ ಮಣ್ಣೂ ಮರಿಯೂ ಒಟ್ಟಿಗೆ ಸಮುದ್ರ ಸೇರುತ್ತವೆ. ಜಾಗ ಗಂಡಸರ ಕುಲದ್ದು. ಹೊರಗಿನಿಂದ ಬಂದ ವಿಧವೆ ಏನು ಹೇಳಬಲ್ಲಳು?

ಪಟ್ಟಿಯಲ್ಲಿ ಮೂರನೇ ಹೆಸರು ನನ್ನ ಗಂಡನದು. ಅವನು ಕಳೆ ಕಿತ್ತದ್ದನ್ನು ನಾನು ನೋಡಿಲ್ಲ.

ಸಿಮೆಂಟು ಸುರಿದ ಮರುದಿನ ರೈತರೆಲ್ಲ ಮೂರು ದಿನದ ತರಬೇತಿಗೆಂದು ಪಟ್ಟಣದ ದೋಣಿ ಹತ್ತಿದರು. ದೋಣಿ ತಿರುವು ದಾಟಿತು. ಅತ್ತೆ ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡರು.

"ಕೆಲೇರಾ, ನಿನ್ನ ಮಗಳು ಅವಳ ಮಾವನ ಹತ್ರ ಇನ್ನೂ ಏನೂ ಕೇಳಿಲ್ಲ ಅಲ್ವಾ?"

ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ತಂಗಿಯ ಮಗು ಸೋದರಮಾವನ ಊರಿಗೆ ವಸು. ಅದು ಏನು ಕೇಳಿದರೂ ಮಾವ ಇಲ್ಲ ಎನ್ನುವಂತಿಲ್ಲ, ಹಂದಿಯಾಗಲಿ, ಚಾಪೆಯಾಗಲಿ, ನೆಲವಾಗಲಿ. ನದಿಯ ಮೇಲುಗಡೆ, ಅಲೆ ಮುಟ್ಟದ ಕಡೆ, ಒಂದು ತೊರೆಯ ಪಕ್ಕ ನನ್ನಣ್ಣ ಇನೋಕೆಯ ಜಮೀನಿದೆ.

"ಒಂದ್ ಗೆಡ್ಡೇನೂ ಬಿಡಬೇಡಿ" ಎಂದು ಅತ್ತೆ ಊರಿನ ಹೆಂಗಸರಿಗೆಲ್ಲ ಹೇಳಿದರು. "ನಿಮ್ ನಿಮ್ ಹಿತ್ತಲಿಗೆ ಒಂದೊಂದು ಮರಿ ಇಟ್ಕೊಳ್ಳಿ. ಉಳಿದದ್ದು ದೋಣಿಗೆ."

ಎರಡು ದಿನ ಹಗಲು ಹೊತ್ತೇ ಕಿತ್ತೆವು. ಯಾರಿಗೂ ಬಚ್ಚಿಡುವ ಅಗತ್ಯವಿರಲಿಲ್ಲ, ರೈತರೆಲ್ಲ ಕೃಷಿ ಕಲಿಯಲು ಹೋಗಿದ್ದರಲ್ಲ. ಮೂರನೆಯ ದಿನ ದೋಣಿಯಲ್ಲಿ ವಿಲಿಸಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದೆ.

ಇನೋಕೆ ದಡದಲ್ಲಿ ಅವಳನ್ನು ಎತ್ತಿಕೊಂಡ. "ಬಂದ್ಯಾ ಯಜಮಾನ್ತಿ? ಏನ್ ಕಿತ್ಕೊಂಡು ಹೋಗೋಕೆ ಬಂದೆ?"

"ತೊರೆ ಮೇಲಿನ ಜಾಗ ಬೇಕು. ಅಜ್ಜಿಗೆ" ಎಂದಳು ನಾಲ್ಕು ವರ್ಷದ ನನ್ನ ಮಗಳು. ಒಂದು ಕ್ಷಣ ಯೋಚಿಸಿ, "ಆ ನಾಯಿಮರೀನೂ" ಎಂದು ಸೇರಿಸಿದಳು.

"ನಾಯಿಮರಿ ಬಿಟ್ಕೊಡೋಕೆ ಹೊಟ್ಟೆ ಉರಿಯುತ್ತೆ" ಎಂದು ಅವನು ನಕ್ಕ. ಎರಡನ್ನೂ ಕೊಟ್ಟ.

ನಾನೂ ನಕ್ಕೆ. ಆದರೆ ಅದೇ ಜಾಗವನ್ನು, ಅದೇ ಮನೆಯಲ್ಲಿ ಹುಟ್ಟಿದ ನಾನು ಮದುವೆಗೆ ಮುಂಚೆ ಕೇಳಿದ್ದೆ. ಆಗ ಇದೇ ಅಣ್ಣ, ಮದುವೆಯಾಗಿ ಹೋಗೋಳಿಗೆ ನೆಲ ಯಾಕೆ ಎಂದಿದ್ದ. ಆ ಸಿಟ್ಟನ್ನು ಅವತ್ತಿನ ದಿನಚರಿಯಲ್ಲಿ ಬರೆದಿದ್ದೇನೆ. ಈಗ ಓದಿದರೂ ಅದು ಆರಿಲ್ಲ.

ಮಾದರಿ ತೋಟದ ಉದ್ಘಾಟನೆಗೆ, ಮರಳುವ ರೈತರ ದೋಣಿಯಲ್ಲೇ ಬಂದ ಯೋಜನೆಯವರು ಹೂಮಾಲೆ ಹಾಕಿಸಿಕೊಂಡು ಗುಡ್ಡ ಹತ್ತಿದರು. ಮೇಲೆ ಫಲಕವಿತ್ತು, ಕೆಳಗೆ ಬರಿಯ ಗುಳಿಗಳಿದ್ದವು. ಅಪಿಸಾಯಿ ನೇರ ನಮ್ಮ ಮನೆಗೆ ಬಂದರು.

"ಉನೈಸಿ, ಕೆಸು ಎಲ್ಲಿ?"

"ನನ್ನನ್ನ ಯಾಕೆ ಕೇಳ್ತೀರಿ ಹಿರಿಯರೆ? ಪಟ್ಟೀಲಿ ರೈತರಿದಾರೆ, ಅವರನ್ನ ಕೇಳಿ. ನಾನು ಮೂರ್ ದಿನದಿಂದ ಮನೆಕೆಲ್ಸ ಮಾಡ್ತಿದ್ದೆ."

ಅವರು ನನ್ನ ಗಂಡನ ಮುಖ ನೋಡಿದರು. ಅವನು ನೆಲ ನೋಡಿದ. ಅವರು ಹೋದಮೇಲೆ, ಅವನು ಸಿಮೆಂಟು ಸುರಿದದ್ದು ಯಾವುದರ ಮೇಲೆಂದು ನಾನೇ ಹೇಳಿದೆ. "ಅದು ದವುಕೆ ಅಂತ ಮೊದಲೇ ಹೇಳ್ಬೋದಿತ್ತಲ್ಲ" ಎಂದು ಗೊಣಗಿದ.

"ಏನಮ್ಮ ಇದು ಅಂತ ಕೇಳಿದ್ಯಾ?" ಎಂದೆ. ಅವತ್ತು ಅವನ ತಟ್ಟೆಗೆ ಅನ್ನ ಹಾಕಿದ್ದು ಅವನೇ.

ತೊರೆ ಮೇಲಿನ ಜಾಗದಲ್ಲಿ ಒಂಬತ್ತು ಜಾತಿಯೂ ಚಿಗುರಿವೆ. ದೀವಿ ಹಲಸಿನ ಸುಗ್ಗಿ ಬಂದಾಗ ಹೊಸ ಗುಂಡಿಗೆ ನಾವು ಹೆಂಗಸರು ಹಾರೆ ಹಿಡಿದು ಹೊರಟೆವು. ಅತ್ತೆ ತಡೆದರು. ಇನೋಕೆಯನ್ನು ಕರೆಸಿದರು, ಸೆತಾರೆಕಿಯನ್ನೂ ಕರೆಸಿದರು, ಹಾರೆಗಳನ್ನು ಅವರ ಕೈಗಿತ್ತರು.

"ಇದು ಹೆಂಗಸ್ರ ಕೆಲ್ಸ ಅಲ್ವಾ ಅತ್ತೆ?" ಎಂದ ನನ್ನಣ್ಣ.

"ಅಗಿ. ನಿನ್ ಕೈಯಲ್ಲೇ ಬೊಬ್ಬೆ ಬಂದ್ರೆ ಜಾಗ ಮರೆಯಲ್ಲ."

ಮಧ್ಯಾಹ್ನದವರೆಗೆ ಇಬ್ಬರೂ ಅಗೆದರು. ಅತ್ತೆ ಕೊಡೆ ಹಿಡಿದು ಅಂಚಿನಲ್ಲಿ ಕೂತಿದ್ದರು, ನೀರು ಕೂಡ ಕೊಡಲಿಲ್ಲ.