ಆಚೆ ದಂಡೆಯ ಕೈ

ದೆವ್ವ, ದೇವರು ಎರಡನ್ನೂ ನಂಬದ ಮನೆಯಲ್ಲಿ ಬೆಳೆದವಳು ನಾನು. ಔರಾದಿನ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಚಿತ್ರವಿತ್ತು, ಅದಕ್ಕೆ ಹೂವು ಏರಿಸುತ್ತಿದ್ದೆವೇ ಹೊರತು ಅದರ ಬಳಿ ಏನನ್ನೂ ಬೇಡುತ್ತಿರಲಿಲ್ಲ. ಯಾರಾದರೂ ಹುಣಸೆ ಮರದ ಕೆಳಗೆ ಏನೋ ಕಂಡೆ ಎಂದರೆ ಅಪ್ಪ, "ನಿನ್ನಿ ರಾತ್ರಿ ಏನು ಉಂಡಿದ್ದಿ?" ಎಂದು ಕೇಳುತ್ತಿದ್ದರು. ಬೀದರಿನಲ್ಲಿ ಕಾಲೇಜು ಓದುವಾಗ ಅಷ್ಟೂರಿನ ಗೋರಿಗಳ ಹತ್ತಿರ ಸಂಜೆ ಹೊತ್ತು ಕೂರಲು ಗೆಳತಿಯರು ಹೆದರುತ್ತಿದ್ದರು. ನಾನು ಬೇಕೆಂದೇ ಅಲ್ಲಿ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದೆ.

ಈಗಲೂ ನಾನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಕೊನೆಗೂ ಇವಳು ಬಗ್ಗಿದಳು ಎಂದು ಯಾರೂ ಖುಷಿಪಡುವುದು ಬೇಡ. ಒಮ್ಮೆ, ಹಾಡಹಗಲಿನಲ್ಲಿ, ನನ್ನ ಮುಂಗೈಯನ್ನು ಒಂದು ಕೈ ಹಿಡಿದು ನನ್ನನ್ನೂ ನನ್ನ ಅಣ್ಣನ ಮಗಳನ್ನೂ ಉಳಿಸಿತು. ಅದು ಯಾರ ಕೈ ಎಂದು ನನಗೆ ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಅದಕ್ಕೆ ಬೇರೆಯವರು ಹೆಸರಿಡುವುದನ್ನು ಒಪ್ಪುವುದಿಲ್ಲ. ನದಿಯ ದಂಡೆಯ ಆ ಊರಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಅಲ್ಲಿಗೆ ತೆಂಗಿನಕಾಯಿ ಹಿಡಿದುಕೊಂಡು ಜನ ಹೋಗುತ್ತಾರೆ.

ಅವು ಬರದ ವರ್ಷಗಳು. ಒಂದರ ಹಿಂದೆ ಒಂದು ಮಳೆಗಾಲ ಕೈಕೊಟ್ಟು ನಮ್ಮ ಕಡೆಯ ಊರುಗಳಿಂದ ಮನೆ ಮನೆಯೇ ಎದ್ದು ಹೈದರಾಬಾದ್, ಪುಣೆ ಅಂತ ಹೋಗುತ್ತಿದ್ದವು. ಆದರೂ ದಸರಾ ಬಂದರೆ ಕೌದಿ ತೊಳೆಯಲೇಬೇಕು. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಮನೆಯಲ್ಲಿನ ಹಾಸಿಗೆ, ಹೊದಿಕೆ, ಪರದೆ ಒಂದನ್ನೂ ಬಿಡದೆ ಹೊಳೆಗೆ ಒಯ್ದು ಒಗೆಯುವ ರೂಢಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಇಬ್ಬರು ಹಿಡಿದರೂ ಏಳುವುದಿಲ್ಲ. ಅಂಥವು ಹತ್ತಾರು. ಇಡೀ ದಿನದ ಕೆಲಸ, ಆದರೆ ಹೆಂಗಸರಿಗೆ ವರ್ಷದಲ್ಲಿ ಬಯಲಲ್ಲಿ ಕಳೆಯಲು ಸಿಗುವ ಒಂದು ದಿನವೂ ಅದೇ. ಔರಾದಿನ ನಳ, ಬಾವಿ ಎಲ್ಲ ಒಣಗಿದ್ದರಿಂದ ಆ ವರ್ಷ ನಮ್ಮ ಓಣಿಯವರು ಟೆಂಪೋ ಮಾಡಿಕೊಂಡು ಸಂತಪುರ ದಾಟಿ ಮಾಂಜ್ರಾ ನದಿಗೆ ಹೊರಟರು. ನಾನು ರಜೆಗೆ ಬಂದಿದ್ದೆ. ಪುಸ್ತಕ ಬದಿಗಿಟ್ಟು ಕೌದಿ ಗಂಟಿನ ಮೇಲೆ ಹತ್ತಿ ಕೂತೆ.

ಆ ದಿನದ ಬೆಳಗನ್ನು ನಾನು ಮರೆಯಲಾರೆ. ಮಳೆ ಬಾರದಿದ್ದರೂ ಆಶ್ವಯುಜದ ಬಿಸಿಲಿಗೆ ಒಂದು ಮೆದುತನ ಇರುತ್ತದೆ. ರಸ್ತೆಯ ಪಕ್ಕ ತಂಗಡಿ ಗಿಡ ಹಳದಿ ಹೂ ಬಿಟ್ಟಿತ್ತು. ಸಂತಪುರದಲ್ಲಿ ಒಬ್ಬಳು ಬುಟ್ಟಿಯಲ್ಲಿ ಸೀತಾಫಲ ಮಾರುತ್ತಿದ್ದಳು. ಬುಟ್ಟಿಯನ್ನೇ ಕೊಂಡೆವು. ನದಿಯಲ್ಲಿ ಬರಿ ಮರಳು. ನಡುವೆ ಒಂದು ದಿಬ್ಬ, ಅದರ ಎರಡು ಬದಿಗೆ ತಗ್ಗು. ನಮ್ಮ ದಂಡೆಯ ಕಡೆಯ ತಗ್ಗಿನಲ್ಲಿ ಮಾತ್ರ ಮೊಣಕಾಲು ಮಟ್ಟ ನೀರು ಉಳಿದಿತ್ತು. ಆಚೆಯ ತಗ್ಗು ಪೂರಾ ಒಣಗಿ ಬಿರಿದಿತ್ತು.

ನೀರಿಗಿಳಿದ ಮೇಲೆ ಮಾತು ಶುರುವಾಯಿತು. ಪಕ್ಕದ ಮನೆಯ ತುಳಸಾಬಾಯಿ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಕೌದಿ ತುಳಿಯುತ್ತ ನನ್ನ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ಕೆಣಕಿದಳು, "ನಾವು ದೇವಿ ಘಟ ಕೂಡಸ್ತೇವಿ, ದೇವ್ರಿಗಿ ಒಗಿತೇವಿ. ನೀವು ಯಾರಿಗಿ ಒಗಿತೀರಿ?"

ವೈನಿ ಭಾಲ್ಕಿಯವಳು, ಮಾತಿಗೆ ಬಡವಳಲ್ಲ. "ನಾವು ಹೊಲಸಿಗಿ ಒಗಿತೇವ್ರಿ ಅಕ್ಕಾ. ನಿಮ್ಮ ದೇವ್ರು ವರ್ಷಕ್ಕೊಮ್ಮಿ ಬರ್ತಾನ, ಹೊಲಸು ದಿನಾ ಬರ್ತದ."

ತುಳಸಾಬಾಯಿಯೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ದಂಡೆಯ ಮೇಲೆಲ್ಲ ಜಾಲಿ ಮುಳ್ಳು. ಅಲ್ಲಿ ಹರವಿದರೆ ಕೌದಿ ಹರಿಯುತ್ತದೆ. ಹಾಗಾಗಿ ನಡುವಿನ ದಿಬ್ಬದ ಮೇಲೆ, ಕಾದ ಮರಳಲ್ಲಿ ಒಣಹಾಕಿದೆವು. ಬರ ನಮಗೆ ಅದು ನದಿ ಎಂಬುದನ್ನೇ ಮರೆಸಿತ್ತು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡ ಮೇಲೆ ಉಳಿದವರು ದಂಡೆಯ ನೆರಳಿಗೆ ಹೋದರು. ಕೌದಿ ಮಗುಚಿ ಹಾಕುವುದು, ಜೊತೆಗೆ ಅಣ್ಣನ ಮಗಳು ಸುಜಾತಾಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಸುಜಿಗೆ ಆಗ ನಾಲ್ಕು ವರ್ಷ. ದಿಬ್ಬದ ಮೇಲಿನ ಲಕ್ಕಿ ಗಿಡದ ನೆರಳಲ್ಲಿ, ಒಣಗಿದ ಕೌದಿಯ ಮೇಲೆ ಅವಳು ಮಲಗಿಬಿಟ್ಟಳು. ನಾನು ಎರಡು ಸೀತಾಫಲ ಕೈಯಲ್ಲಿ ಹಿಡಿದು, ಬೀಜ ಉಗುಳುತ್ತ, ಮರಳಿನಲ್ಲಿ ನದಿ ಬರುವ ದಿಕ್ಕಿಗೆ ನಡೆದೆ. ಇದು ನನ್ನ ತಪ್ಪು. ಇದನ್ನು ಯಾವ ದೇವಿಯ ತಲೆಗೂ ಕಟ್ಟುವುದಿಲ್ಲ.

ಮೊದಲು ಕೇಳಿದ್ದು ಸಪ್ಪಳ, ಬಿಸಿ ಹಂಚಿನ ಮೇಲೆ ನೀರು ಚಿಮುಕಿಸಿದಂಥದ್ದು. ತಲೆ ಎತ್ತಿದರೆ ಮರಳಿನ ಮೇಲೆ ಕಂದು ಬಣ್ಣದ ನೀರು, ಮುಂದೆ ನೊರೆ, ಕಸ, ಒಣ ಸಗಣಿ ತಳ್ಳಿಕೊಂಡು ಬರುತ್ತಿತ್ತು. ನಮ್ಮ ಮೇಲೆ ಆಕಾಶ ನೀಲಿಯಾಗಿತ್ತು. ಮಹಾರಾಷ್ಟ್ರದ ಕಡೆ ಹಿಂದಿನ ದಿನ ಭಾರಿ ಮಳೆಯಾಗಿತ್ತು ಎಂದು ಆಮೇಲೆ ತಿಳಿಯಿತು. ನಾನು ದಿಬ್ಬಕ್ಕೆ ಓಡಿದೆ. ಸುಜಿಯನ್ನು ಎತ್ತಿಕೊಳ್ಳುವಷ್ಟರಲ್ಲಿ ನಮ್ಮ ದಂಡೆಯ ಕಡೆಯ ತಗ್ಗು ತುಂಬಿ ಸುಳಿ ತಿರುಗುತ್ತಿತ್ತು. ಆಚೆ ದಂಡೆಯ ತಗ್ಗಿಗೆ ನೀರು ಆಗಷ್ಟೇ ನುಗ್ಗುತ್ತಿತ್ತು. ಯೋಚಿಸಲು ಸಮಯವಿರಲಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿ, ಎಡಗೈಯಿಂದ ಅದರ ಕಾಲು ಬಿಗಿಹಿಡಿದು, ಆಚೆ ಕಡೆಗೆ ಇಳಿದೆ.

ಹತ್ತು ಹೆಜ್ಜೆಗೆ ನೀರು ಎದೆಗೆ ಬಂತು. ದಂಡೆ ಕೈಗೆಟುಕುವಷ್ಟು ಹತ್ತಿರವಿತ್ತು, ಆದರೆ ಅದು ನನ್ನ ತಲೆಗಿಂತ ಎತ್ತರದ, ಕಡಿದಾದ ಬೋಳು ಜೇಡಿಮಣ್ಣು. ಹಿಡಿಯಲು ಹುಲ್ಲೂ ಇರಲಿಲ್ಲ. ಕಾಲ ಕೆಳಗಿನ ಮರಳು ಜಾರಿತು. ಬಾಯಿಗೆ ನೀರು ಹೋಯಿತು. ಬಲಗೈ ಮೇಲೆತ್ತಿದ್ದು ನೆನಪಿದೆ. ಆಗ ಆ ಕೈ ನನ್ನ ಮುಂಗೈಯನ್ನು ಹಿಡಿಯಿತು. ಒರಟಾದ ಹೆಂಗಸಿನ ಕೈ, ಅದರಲ್ಲಿ ಗಾಜಿನ ಬಳೆ. ಬಳೆ ನನ್ನ ಎಲುಬಿಗೆ ಒತ್ತಿ ಒಡೆದದ್ದೂ ತಿಳಿಯಿತು. ಒಂದೇ ಸಲ ಜಗ್ಗಿತು. ಮುಂದಿನ ಕ್ಷಣ ನಾನು ದಂಡೆಯ ಮೇಲೆ ಬೋರಲು ಬಿದ್ದಿದ್ದೆ, ಸುಜಿ ನನ್ನ ಕೂದಲು ಹಿಡಿದುಕೊಂಡು ಅಳುತ್ತಿದ್ದಳು.

ಕಣ್ಣಿನ ಕೆಸರು ಒರೆಸಿಕೊಂಡು ನೋಡಿದೆ. ಯಾರೂ ಇರಲಿಲ್ಲ. ಎರಡೂ ಕಡೆ ಬೋಳು ಹೊಲ. ಒಂದು ನಾಯಿ ಓಡಿದರೂ ಕಾಣುವಂಥ ಬಯಲು.

ಸುಜಿ ಬಿಕ್ಕುತ್ತ ಕೇಳಿದಳು, "ಅವ್ವ ಎಲ್ಲಿ ಹೋದಳು?"

ಅವಳ ಅವ್ವ ನಾವು ಬಿಟ್ಟು ಬಂದ ದಂಡೆಯಲ್ಲಿ, ಅಷ್ಟೂ ನೀರಿನ ಆ ಕಡೆ, ಎದೆ ಬಡಿದುಕೊಳ್ಳುತ್ತ ನಿಂತಿದ್ದಳು.

ಮಗುವನ್ನು ಎತ್ತಿಕೊಂಡು ಆ ದಂಡೆಯ ಊರಿಗೆ ನಡೆದೆ. ನನ್ನನ್ನು ಎಳೆದವಳು ಅಲ್ಲಿಗೇ ಹೋಗಿರಬೇಕು, ಅವಳ ಕಾಲಿಗೆ ಬೀಳಬೇಕು ಎಂಬುದೊಂದೇ ತಲೆಯಲ್ಲಿತ್ತು. ನದಿಗೆ ಹತ್ತಿರದ ಓಣಿಯಲ್ಲಿ ಹನ್ನೆರಡೋ ಹದಿಮೂರೋ ಬಾಗಿಲು. ಎಲ್ಲದಕ್ಕೂ ಬೀಗ. ಊರೊಳಗೆ ಒಂದು ಕಿರಾಣಿ ಅಂಗಡಿ ತೆರೆದಿತ್ತು. ಕೂತಿದ್ದ ಹೆಂಗಸಿನ ಕೈಗಳನ್ನು ನಾನು ದುರುಗುಟ್ಟಿ ನೋಡಿದೆ. ಒಣಗಿದ ಕೈ, ಸ್ಟೀಲಿನ ಬಳೆ.

"ಯಾಕ್ ತಂಗಿ, ನನ್ನ ಕೈ ಯಾಕ ಹಂಗ ನೋಡ್ತಿ? ಕಳ್ಳಿ ಏನ್ ನಾ?" ಎಂದಳು. ಹೇಳಿದೆ. ಅವಳು ಮಗುವಿಗೆ ಬಿಸ್ಕತ್ತು ಕೊಟ್ಟು, ನನಗೆ ಒಣ ಸೀರೆ ಹೊದಿಸಿದಳು. "ಆ ಓಣ್ಯಾಗ ಯಾರೂ ಇಲ್ಲ ಯವ್ವಾ. ತಿಂಗಳಾಯ್ತು, ಇಟ್ಟಂಗಿ ಭಟ್ಟಿ ಕೆಲಸಕ್ಕ ಪುಣೆಕ್ಕ ಹೋಗ್ಯಾರ. ಹೊಳಿ ಕಡಿ ಹೋಗ್ಲಾಕ ಇಲ್ಲಿ ಹೆಣ್ಮಕ್ಕಳೇ ಉಳದಿಲ್ಲ."

ಸಂಜೆ ವೈನಿ, ತುಳಸಾಬಾಯಿ ಟೆಂಪೋದಲ್ಲಿ ಸೇತುವೆ ಸುತ್ತಿ ಬಂದರು. ಹನ್ನೊಂದು ಕೌದಿ ನೀರು ಪಾಲಾಗಿದ್ದವು, ಯಾರಿಗೂ ಅದರ ಪರಿವೆ ಇರಲಿಲ್ಲ. ತುಳಸಾಬಾಯಿ ನನ್ನ ಮುಂಗೈಯ ಗಾಯ ನೋಡಿ ಕೈಮುಗಿದಳು. "ನಾ ಕಣ್ಣಾರೆ ನೋಡೇನಿ. ನೀ ಮುಳುಗಿದಿ, ಯಾರೋ ಜಗ್ಗಿದಂಗ ಎದ್ದಿ. ಅಲ್ಲಿ ಒಂದು ಪಿಳ್ಳಿನೂ ಇದ್ದಿಲ್ಲ. ತಾಯಿನೇ ಬಂದಾಳ."

ಅಣ್ಣನ ಪ್ರಕಾರ ನಾನು ಹಿಡಿದದ್ದು ಯಾವುದೋ ಬೇರು. ಗಾಯದಲ್ಲಿ ಸಿಕ್ಕ ಹಸಿರು ಗಾಜಿನ ಚೂರು ತೋರಿಸಿದೆ. ಬಟ್ಟೆ ಒಗೆಯುವ ಕಡೆ ಒಡೆದ ಬಳೆಗೇನು ಕಡಿಮೆ ಎಂದ. ಅವನು ಹೇಳಿದ್ದು ಖರೆ. ಆದರೆ ಬೇರಿಗೂ ಬೆರಳಿಗೂ ಇರುವ ವ್ಯತ್ಯಾಸ ನನ್ನ ಚರ್ಮಕ್ಕೆ ಗೊತ್ತು. ಅಪ್ಪ ಇಬ್ಬರ ಕಡೆಯೂ ಮಾತಾಡಲಿಲ್ಲ. "ಹೆದರಿಕೊಂಡು ನಂಬಬ್ಯಾಡ. ನಂಬೋದಿಲ್ಲಂತ ಸುಳ್ಳೂ ಹೇಳಬ್ಯಾಡ," ಅಂದರು.

ಮುಂದಿನ ಯುಗಾದಿಗೆ ವಲಸೆ ಹೋದವರು ತಿರುಗಿ ಬಂದಾಗ ನಾನು ಆ ಓಣಿಗೆ ಹೋಗಿ ಮನೆ ಮನೆಯಲ್ಲೂ ಕೇಳಿದೆ. ಹೆಂಗಸರು ನಕ್ಕರು. "ನಾವು ಪುಣೆದಾಗ ಇಟ್ಟಂಗಿ ಹೊರ್ಲಾಕತ್ತಿದ್ದೆವು. ನಿನ್ನ ಕೈ ಹಿಡಿಲಾಕ ಯಾರಿಗಿ ಪುರಸೊತ್ತು ಇತ್ತವ್ವಾ?" ಎಂದಳು ಒಬ್ಬಳು. ಮತ್ತೊಂದು ವರ್ಷವೂ ಹೋದೆ. ಎರಡು ಬಾಗಿಲುಗಳ ಬೀಗ ಮಾತ್ರ ಆಗಲೂ ತೆಗೆದಿರಲಿಲ್ಲ. ಅವರೆಲ್ಲಿ ಎಂದು ಕೇಳಿದರೆ ಒಬ್ಬರು ಪುಣೆ ಅಂದರು, ಇನ್ನೊಬ್ಬರು ಮುಂಬೈ ಅಂದರು.

ಹೋದ ತಿಂಗಳು ಆ ಊರಿನ ಮೂವರು ಹಿರಿಯರು ಈಗ ನಾನಿರುವ ಬೀದರಿನ ಮನೆಗೆ ಬಂದಿದ್ದರು. ದಂಡೆಯ ಮೇಲೆ ಗುಡಿ ಕಟ್ಟುತ್ತಾರಂತೆ. ಮೊದಲ ಉಡಿ ನಾನೇ ತುಂಬಬೇಕಂತೆ. ಚಹಾ ಕೊಟ್ಟು, ಆಗುವುದಿಲ್ಲ ಎಂದೆ.

"ಹಂಗಾರ ಅದು ಯಾರ ಕೈ ಅಂತ ನೀವೇ ಹೇಳ್ರಿ ಬಾಯಾರ."

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ ದೇವ್ರೇ ಅಲ್ಲೇನ್ರಿ ಮತ್ತ?"

"ಗೊತ್ತಿಲ್ಲಂದ್ರ ಗೊತ್ತಿಲ್ಲ. ಅಷ್ಟೇರಿ."

ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಆದರೆ ನನಗೆ ನಿದ್ದೆ ಬರಲಿಲ್ಲ. ಭಾನುವಾರ ಸುಜಿಯನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಈಗ ಅವಳೂ ಕಾಲೇಜಿನಲ್ಲಿದ್ದಾಳೆ, ನನಗಿಂತ ಎತ್ತರ. ಆ ದಿನದ್ದು ಅವಳಿಗೆ ಏನೂ ನೆನಪಿಲ್ಲ. ಈ ವರ್ಷವೂ ಆಚೆ ತಗ್ಗು ಒಣಗಿತ್ತು. ನಾನು ತಗ್ಗಿಗಿಳಿದು, ಅಂದು ಕಾಲು ಜಾರಿದ ಜಾಗದಲ್ಲಿ ನಿಂತು ಬಲಗೈ ಎತ್ತಿದೆ. ಮೇಲೆ ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚು ಎಂದು ಅವಳಿಗೆ ಹೇಳಿದೆ. ಚಾಚಿದಳು. ನಮ್ಮ ಬೆರಳುಗಳ ನಡುವೆ ಒಂದು ಮೊಳಕ್ಕೂ ಹೆಚ್ಚು ಅಂತರ ಉಳಿಯಿತು.

"ಅತ್ತಿ, ಇನ್ನ ಕೆಳಗ ಬರ್ಲಾಕ ಆಗೋದಿಲ್ಲ. ನಿನ್ನ ಕೈ ಹಿಡಿಬೇಕಂದ್ರ ನಾನೂ ನಿನ್ನ ಬಾಜೂಕೇ ಇಳಿಬೇಕು."

ಆಗ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಇಷ್ಟು ವರ್ಷ ನಾನು ದಂಡೆಯ ಮೇಲೆ ಹುಡುಕಿದ್ದೆ. ಆ ಕೈ ನನ್ನನ್ನು ಮೇಲಿನಿಂದ ಎಳೆದಿತ್ತೋ, ಪಕ್ಕದಲ್ಲೇ, ಅದೇ ನೀರಿನಲ್ಲಿ ನಿಂತು ದಂಡೆಗೆ ಎಸೆದಿತ್ತೋ, ಈಗ ಎಷ್ಟು ನೆನೆದರೂ ಖಚಿತವಾಗುತ್ತಿಲ್ಲ. ದಂಡೆ ಇಷ್ಟು ವರ್ಷಗಳಲ್ಲಿ ಸವೆದು ಆಕಾರ ಬದಲಿಸಿರಬಹುದು. ನಾನು ನಿಂತ ಜಾಗವೇ ತಪ್ಪಿರಬಹುದು. ಯಾವ ಹೆಣವೂ ಸಿಕ್ಕಿದ ಸುದ್ದಿ ಇಲ್ಲ, ಯಾರೂ ಕಾಣೆಯಾದ ದೂರೂ ಇಲ್ಲ. ಆದರೆ ಬೀಗ ಹಾಕಿದ ಓಣಿಯಿಂದ ದೂರು ಕೊಡುವವರು ಯಾರು?

ಗುಡಿ ಕಟ್ಟುವವರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಅದು ದೇವಿಯಾಗಿದ್ದರೆ ನನ್ನ ತೆಂಗಿನಕಾಯಿ ಇಲ್ಲದೆಯೂ ಅವಳಿಗೆ ನಡೆಯುತ್ತದೆ. ಹೆಂಗಸಾಗಿದ್ದರೆ, ಆ ದಿನ ಅವಳು ನೀರಿನಿಂದ ಹೊರಗೆ ಬಂದಳೋ ಇಲ್ಲವೋ ಎಂಬುದನ್ನು ಮೊದಲು ಯಾರಾದರೂ ನನಗೆ ಹೇಳಬೇಕು.