ಎಡನಳಿಗೆ, ಆರನೇ ನಂಬರು

ಸೂರತ್ತಿನ ಪಾಂಡೇಸರಾದ ಒಂದು ಪ್ರಿಂಟಿಂಗ್ ಮಿಲ್ಲಿನಲ್ಲಿ ನಾನು ಎಂಟು ವರ್ಷ ಬಟ್ಟೆ ತಪಾಸಣೆಯ ಕೆಲಸ ಮಾಡಿದೆ. ಬಣ್ಣಕ್ಕೆ ಹೋಗುವ ಮುಂಚೆ ಬಿಳಿ ಬಟ್ಟೆಯನ್ನು ದೀಪದ ಮೇಜಿನ ಮೇಲೆ ಎಳೆದು, ಅದರಲ್ಲಿರುವ ತೂತು, ಗಂಟು, ಕಲೆಗಳನ್ನು ಗುರುತು ಹಾಕಬೇಕು. ದಾವಣಗೆರೆಯ ಮಿಲ್ಲಿನಲ್ಲಿ ನಮ್ಮಪ್ಪನೂ ಇದನ್ನೇ ಮಾಡುತ್ತಿದ್ದರು. ಆ ಎಂಟು ವರ್ಷಗಳಲ್ಲಿ ನನ್ನ ಲೆಕ್ಕ ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ. ತಪ್ಪಿದ್ದು ಒಂದೇ ಸಲ, ಮಿಲ್ಲಿನ ಹೊರಗೆ, ಅಹಮದಾಬಾದಿನಲ್ಲಿ. ಅದನ್ನು ನೆನೆದರೆ ಈಗಲೂ ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಹಿಂದೆಯೇ ನಗುವೂ ಬರುತ್ತದೆ. ಹಾಗಾಗಿ ನಿಧಾನವಾಗಿ, ಕಂಡಷ್ಟನ್ನೇ ಬರೆಯುತ್ತೇನೆ.

ನಮ್ಮ ಮೇಲಿನ ಮನೆಯಲ್ಲಿ ಕೊಡಗಿನ ದಂಪತಿ ಇದ್ದರು. ಗಂಡ ವಿಮಾ ಕಂಪನಿಯಲ್ಲಿ ಅಧಿಕಾರಿ. ಹೆಂಡತಿಗೆ ಆಗ ಐವತ್ತರ ಹತ್ತಿರ. ನಾನು ಅಕ್ಕ ಎನ್ನುತ್ತಿದ್ದೆ. ಅವರ ಮಂಚದ ಕೆಳಗೆ, ಕ್ಯಾನ್ವಾಸ್ ಚೀಲದಲ್ಲಿ, ಒಂದು ಜೋಡುನಳಿಗೆ ಕೋವಿ ಇತ್ತು. ಅಕ್ಕನ ತಂದೆಯದು. ಅವರು ತೀರಿಕೊಂಡ ಮೇಲೆ ಕಾಗದಪತ್ರ ಅಕ್ಕನ ಹೆಸರಿಗೆ ಬಂದಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ಹಾಗೆ ಅವರು ಅದನ್ನು ಹೊರತೆಗೆದು, ಎಣ್ಣೆ ಹಚ್ಚಿ, ನಳಿಗೆಯ ತುದಿಗೆ ಹೂವಿಡುತ್ತಿದ್ದರು. ಊರಿನಲ್ಲಿ ಅದಕ್ಕೆಂದೇ ಬೇರೆ ಹೂವಂತೆ. ಸೂರತ್ತಿನಲ್ಲಿ ಚೆಂಡುಹೂವೇ ಗತಿ.

ಅಕ್ಕ ಹುಡುಗಿಯಾಗಿದ್ದಾಗ ತಂದೆಯ ಜೊತೆ ಗದ್ದೆಬಯಲಿಗೆ ಹೋಗಿ ನೀರುಕೋಳಿ, ಬಾತುಗಳನ್ನು ಹೊಡೆದವರು. ಆಗ ಅದಕ್ಕೆ ಅನುಮತಿ ಸಿಗುತ್ತಿತ್ತು. ಈಗ ಸಿಗುವುದಿಲ್ಲ, ಸಿಗಬೇಕೆಂಬ ಆಸೆಯೂ ಅವರಿಗಿರಲಿಲ್ಲ. ಆದರೆ ಬಾತಿಗೆ ಯಾವ ತೋಟಾ, ಯಾವ ನಳಿಗೆ ಎಂಬ ಮಾತು ಬಂದರೆ ಅವರ ಒಲೆಯ ಮೇಲಿನ ಸಾರು ಉಕ್ಕುತ್ತಿತ್ತು. ನನಗೆ ಗೊತ್ತಿರುವುದೆಲ್ಲ ಹಾಗೆ ಉಕ್ಕಿದ ಸಾರುಗಳ ಎದುರಿಗೆ ಕಲಿತದ್ದು. ತೋಟಾದ ಒಳಗೆ ಸೀಸದ ಸಣ್ಣ ಗುಂಡುಗಳಿರುತ್ತವೆ, ಅವಕ್ಕೆ ಚರೆ ಎನ್ನುತ್ತಾರೆ. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು, ಸಂಖ್ಯೆ ಹೆಚ್ಚು. ನಳಿಗೆಯ ತುದಿಯನ್ನು ಒಳಗಿನಿಂದ ತುಸು ಕಿರಿದು ಮಾಡಿರುತ್ತಾರೆ, ಅದು ಚೋಕ್. ಬಿಗಿ ಚೋಕ್ ಇದ್ದರೆ ಚರೆ ದೂರದವರೆಗೆ ಗುಂಪಾಗಿ ಹೋಗುತ್ತದೆ. ಸಡಿಲವಿದ್ದರೆ ಬೇಗ ಹರಡುತ್ತದೆ. ಅಕ್ಕನ ಕೋವಿಯಲ್ಲಿ ಬಲನಳಿಗೆ ಸಡಿಲ, ಎಡನಳಿಗೆ ಬಿಗಿ. ಎತ್ತರದಲ್ಲಿ ಹೋಗುವ ಬಾತಿಗೆ ಎಡನಳಿಗೆ, ಆರನೇ ನಂಬರು. ಇದು ತಂದೆಯ ನಿಯಮ.

ಆ ಚಳಿಗಾಲದಲ್ಲಿ ಅಕ್ಕನ ಯಜಮಾನರು ಕೋವಿ ಮಾರುವುದೆಂದು ತೀರ್ಮಾನಿಸಿದರು. ವರ್ಗಾವಣೆ ಬಂದಾಗಲೆಲ್ಲ ಹೊಸ ಊರಿನ ಪೊಲೀಸ್ ಠಾಣೆ, ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸುವ ಓಡಾಟ. ಅಹಮದಾಬಾದಿನ ಒಬ್ಬ ಡೀಲರಿಗೆ ಸೋಮವಾರ ತರುತ್ತೇನೆಂದು ಫೋನನ್ನೂ ಮಾಡಿದ್ದರು. ಮೂರನೆಯ ದಿನ ಅಕ್ಕ ನನ್ನ ಎದುರಿಗೇ ಗಂಡನನ್ನು ಕೇಳಿದರು.

"ಹೊಡೆಯೋರಿಲ್ಲ ಅಂತ ತಾನೇ ಮಾರೋದು? ನಾನು ಹೊಡೆದು ತೋರಿಸಿದ್ರೆ?"

"ಇಪ್ಪತ್ತೈದು ವರ್ಷ ಆಯ್ತಲ್ಲ ನೀನು ಹೊಡೆದು. ಸೌಟು ಹಿಡಿದಂಗಲ್ಲ ಅದು."

"ಸೌಟು ಹಿಡಿಯೋದೂ ನಿಮಗೆ ಬರಲ್ಲ. ಎಷ್ಟು ಹೊಡೀಬೇಕು ಹೇಳಿ."

ಅಹಮದಾಬಾದಿನ ಹೊರವಲಯದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಭಾನುವಾರ ಹೊರಗಿನವರಿಗೂ ಹತ್ತು ಬಿಲ್ಲೆ ಹೊಡೆಯಲು ಬಿಡುತ್ತಿದ್ದರು. ಮಣ್ಣಿನ ಬಿಲ್ಲೆಯನ್ನು ಯಂತ್ರ ಗಾಳಿಗೆ ಎಸೆಯುತ್ತದೆ, ಅದು ನೀರಿನಿಂದೆದ್ದ ಬಾತಿನ ಹಾಗೆ ಹಾರುತ್ತದೆ. ಹತ್ತರಲ್ಲಿ ಐದು ಒಡೆದರೆ ಕೋವಿ ವಾಪಸ್ ಸೂರತ್ತಿಗೆ. ಇಲ್ಲವಾದರೆ ಸೋಮವಾರ ಡೀಲರಿಗೆ. ಮಾತು ಅಷ್ಟೇ.

ಅಕ್ಕನಿಗೆ ಒಂದೇ ಅನುಮಾನ: ಬಿಲ್ಲೆಗೆ ಯಾವ ನಳಿಗೆ, ಯಾವ ನಂಬರು? ಬಟ್ಟೆ ಕಟ್ಟಿ ಅದರ ಮೇಲೆ ಹೊಡೆದು, ತೂತು ಎಣಿಸಿ ನೋಡಬೇಕು ಎಂದರು. ಬಟ್ಟೆಯಲ್ಲಿ ತೂತು ಎಣಿಸುವವಳು ಕೆಳಗಿನ ಮನೆಯಲ್ಲೇ ಇದ್ದಾಳೆ. ಮಿಲ್ಲಿನಲ್ಲಿ ಕೇಳಿ, ಬೇಡವೆಂದು ತೆಗೆದಿಟ್ಟ ನಾಲ್ಕು ಬಿಳಿ ತುಂಡುಗಳನ್ನು ನಾನು ತಂದೆ.

ಶನಿವಾರ ಬೆಳಗಿನ ರೈಲಿನಲ್ಲಿ ಮೂವರೂ ಹೊರಟೆವು. ಕೋವಿಯ ಚೀಲಕ್ಕೆ ಅಕ್ಕ ಹಳೆಯ ಜರಿಸೀರೆ ಸುತ್ತಿದ್ದರು. ವಡೋದರದಲ್ಲಿ ಹತ್ತಿದ ಹೆಂಗಸೊಬ್ಬರು ಅದನ್ನು ನೋಡಿ, ಥೇಪ್ಲಾ ರೊಟ್ಟಿ ಕೈಗಿತ್ತು ಕೇಳಿದರು. "ಸಿತಾರ್ ಛೆ, ಬೆನ್?" ಸಿತಾರೇನಕ್ಕಾ ಎಂದು.

"ಹಾ," ಎಂದರು ಅಕ್ಕ.

"ತೋ ಕಂಯಿಕ್ ವಗಾಡೋ ನೇ." ಏನಾದರೂ ನುಡಿಸಿ ಎಂದು ಅರ್ಥ.

"ತಂತಿ ಕಡಿದಿದೆ, ರಿಪೇರಿಗೆ ಹೋಗ್ತಿದೆ," ಎಂದು ಯಜಮಾನರು ಹಿಂದಿಯಲ್ಲಿ ಗಂಭೀರವಾಗಿ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ಆಣಂದ್ ಬರುವವರೆಗೂ ಅಕ್ಕನ ಭುಜ ನನ್ನ ಭುಜಕ್ಕೆ ತಾಗಿ ಕುಲುಕುತ್ತಲೇ ಇತ್ತು.

ಮಧ್ಯಾಹ್ನ ಕ್ಲಬ್ಬಿನ ಮೂಲೆಯಲ್ಲಿ, ಮಣ್ಣಿನ ದಿಬ್ಬದ ಮುಂದೆ ಚೌಕಟ್ಟಿಗೆ ಬಟ್ಟೆ ಕಟ್ಟಿದೆವು. ಅಲ್ಲಿನ ಮೇಲ್ವಿಚಾರಕರು ಬಿಳಿ ಟೋಪಿಯ ವಯಸ್ಸಾದ ಗುಜರಾತಿ. ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಕ್ಕ ನಾಲ್ಕೇ ಸಲ ಹೊಡೆದರು: ಎರಡು ನಳಿಗೆ, ಪ್ರತಿಯೊಂದಕ್ಕೂ ಆರನೇ ನಂಬರು ಒಮ್ಮೆ, ಎಂಟನೇ ನಂಬರು ಒಮ್ಮೆ. ಮೊದಲ ಸದ್ದಿಗೆ ನಾನು ಕಿವಿಯ ಬದಲು ಕಣ್ಣು ಮುಚ್ಚಿಕೊಂಡೆ. ಹೊಡೆತಕ್ಕೆ ಅಕ್ಕನ ಭುಜ ಹಿಂದಕ್ಕೆ ಹೋಯಿತು, ಮುಖ ಮಾತ್ರ ಇಪ್ಪತ್ತು ವರ್ಷದ ಹುಡುಗಿಯದಾಗಿತ್ತು.

ಸಂಜೆ ಗೆಸ್ಟ್‌ಹೌಸಿನ ನೆಲದ ಮೇಲೆ ಬಟ್ಟೆಗಳನ್ನು ಹಾಸಿದೆ. ನಡುವೆ ಒಂದು ಸುತ್ತು ಬರೆದು, ಒಳಗಿನ ತೂತುಗಳನ್ನು ಪೆನ್ಸಿಲಿನಿಂದ ಗುರುತು ಮಾಡುತ್ತ ಹೋದೆ. ಒಂದೊಂದು ಬಟ್ಟೆಗೆ ಅರ್ಧ ಗಂಟೆ. ಕೊನೆಗೆ ನಾಲ್ಕು ಮೊತ್ತಗಳನ್ನು ಓದಿದಾಗ ಎಡನಳಿಗೆ, ಆರನೇ ನಂಬರು ಉಳಿದೆಲ್ಲವನ್ನೂ ದೂರ ಬಿಟ್ಟಿತ್ತು.

"ನೋಡಿದ್ರಾ," ಎಂದರು ಅಕ್ಕ ಗಂಡನಿಗೆ. "ನಮ್ಮಪ್ಪ ಹೇಳಿದ್ದೇ ಬಂತು."

"ಇವರು ಎಣಿಸಿದ್ದಾರೆ ಅಂದ್ಮೇಲೆ ಮುಗೀತು," ಎಂದರು ಯಜಮಾನರು. ನನಗೆ ಹೆಮ್ಮೆಯಾಯಿತು. ಮುಚ್ಚಿಡುವುದಿಲ್ಲ, ಬಹಳ ಹೆಮ್ಮೆಯಾಯಿತು.

ಭಾನುವಾರ ಒಳ್ಳೆಯ ಗಾಳಿ ಇತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಗೆರೆಯ ಮೇಲೆ ನಿಂತರು. ನಾನು, ಯಜಮಾನರು ಹಗ್ಗದ ಹಿಂದೆ. ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಮೊದಲ ಬಿಲ್ಲೆ ಹಾರಿತು, ಅಕ್ಕ ಹೊಡೆದರು, ಬಿಲ್ಲೆ ಆರಾಮಾಗಿ ಹೋಗಿ ಹುಲ್ಲಿನ ಮೇಲೆ ಕೂತಿತು. ಎರಡನೆಯದೂ ಹಾಗೇ. ಮೂರು, ನಾಲ್ಕು. ಇನ್ನು ಉಳಿದದ್ದು ಆರು, ಬೇಕಾದದ್ದು ಐದು. ಅಕ್ಕನ ಕತ್ತು ಕೆಂಪಾಗಿತ್ತು.

ಇಷ್ಟು ಹತ್ತಿರದ ಬಿಲ್ಲೆಗೆ ಬಿಗಿ ನಳಿಗೆ ಏಕೆ ಎಂದು ಕಾಕಾ ನನ್ನನ್ನು ಕೇಳಿದರು. ನಾನು ನೋಟ್‌ಬುಕ್ಕು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೊತ್ತ ನೋಡಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಬೆನ್, ಇತನೇ ತೋ ಕಾರತೂಸ್ ಮೇ ಹೋತೇ ಹೀ ನಹೀ."

ಒಂದು ತೋಟಾದ ಒಳಗೆ ಅಷ್ಟು ಚರೆಯೇ ಇರುವುದಿಲ್ಲ.

ಆಗ ತಿಳಿಯಿತು. ನಮ್ಮ ಮಿಲ್ಲಿನಲ್ಲಿ ತೂತನ್ನು ಎಣಿಸುವುದಿಲ್ಲ, ಅದಕ್ಕೆ ಅಂಕ ಹಾಕುತ್ತೇವೆ. ಸೂಜಿಮೊನೆಯಷ್ಟಕ್ಕೆ ಒಂದು, ಅದಕ್ಕಿಂತ ದೊಡ್ಡದಕ್ಕೆ ಎರಡು, ಒಂದಕ್ಕೊಂದು ಕೂಡಿ ಹರಿದದ್ದಕ್ಕೆ ನಾಲ್ಕು. ನಾನು ಎಣಿಸುತ್ತಿದ್ದೇನೆ ಎಂದುಕೊಂಡೇ, ಕೈ ರೂಢಿಯಂತೆ ಅಂಕ ಹಾಕುತ್ತ ಹೋಗಿತ್ತು. ಆರನೇ ನಂಬರಿನ ಚರೆ ದಪ್ಪ, ಎಡನಳಿಗೆ ಅದನ್ನು ಒಂದೇ ಕಡೆ ತುರುಕುತ್ತದೆ, ಅಲ್ಲಿ ತೂತಿಗೆ ತೂತು ಸೇರಿ ಹರಿದಿತ್ತು. ಎಲ್ಲಕ್ಕೂ ನಾಲ್ಕು ನಾಲ್ಕು ಕೊಟ್ಟಿದ್ದೆ. ಬಟ್ಟೆ ಎಷ್ಟು ಹಾಳಾಗಿದೆ ಎಂದು ಅಳೆದಿದ್ದೆ. ಅಕ್ಕ ನಾಲ್ಕು ಬಿಲ್ಲೆ ಕಳೆದುಕೊಂಡದ್ದು ನನ್ನ ಪೆನ್ಸಿಲಿನಿಂದ.

ಕೈ ಎತ್ತಿದೆ. ಕಾಕಾ ಆಟ ನಿಲ್ಲಿಸಿದರು. ಅಕ್ಕ ಕೋವಿಯನ್ನು ಮಡಚಿ, ಖಾಲಿ ಮಾಡಿ ಹಗ್ಗದ ಹತ್ತಿರ ಬಂದರು.

"ಅಕ್ಕ, ನಾನು ಎಣಿಸಿಲ್ಲ. ಮಾರ್ಕ್ಸ್ ಹಾಕಿದೀನಿ."

"ಏನು?"

"ಬಟ್ಟೆಗೆ. ಮಿಲ್ಲಲ್ಲಿ ಹಾಕ್ದಂಗೆ. ಹರಿದಷ್ಟೂ ಜಾಸ್ತಿ."

ಅಕ್ಕ ನನ್ನನ್ನೇ ದಿಟ್ಟಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರ ಮೂಗಿನಿಂದ ಮೊದಲು ಒಂದು ಸಣ್ಣ ಸದ್ದು ಬಂತು. ಆಮೇಲೆ ಕೋವಿಯನ್ನು ಕಾಕಾರ ಕೈಗೆ ಕೊಟ್ಟು ನೆಲದ ಮೇಲೇ ಕೂತುಬಿಟ್ಟರು. ನಗು ನಿಲ್ಲಲಿಲ್ಲ. "ನಮ್ಮಪ್ಪನ ಕೋವೀನ ಪರೀಕ್ಷೇಲಿ ಪಾಸ್ ಮಾಡಿದ್ಯಲ್ಲೇ, ಫಸ್ಟ್ ಕ್ಲಾಸಲ್ಲಿ," ಎಂದರು ಉಸಿರಿನ ನಡುವೆ. ಯಜಮಾನರು ಹಿಂದಿಯಲ್ಲಿ ವಿವರಿಸಿದ ಮೇಲೆ ಕಾಕಾ ಕೂಡ ಟೋಪಿ ತೆಗೆದು ಅದರಿಂದ ಕಣ್ಣೊರೆಸಿಕೊಂಡರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಖಚಿತವಾಗಿ ಹೇಳಲಾರೆ.

ಬಟ್ಟೆಗಳು ಚೀಲದಲ್ಲೇ ಇದ್ದವು. ಹುಲ್ಲಿನ ಮೇಲೆ ಹಾಸಿದೆವು. ಗಾಳಿಗೆ ಹಾರದಂತೆ ಯಜಮಾನರು ಎರಡು ಮೂಲೆಗಳ ಮೇಲೆ ಮಂಡಿಯೂರಿದರು. ಎಣಿಸುವ ಅಗತ್ಯವೇ ಇರಲಿಲ್ಲ, ದೂರದಿಂದ ನೋಡಿದರೆ ಸಾಕಿತ್ತು. ಎಡನಳಿಗೆ, ಆರನೇ ನಂಬರಿನ ಬಟ್ಟೆಯಲ್ಲಿ ನಡುವೆ ಮುಷ್ಟಿಯಂಥ ಒಂದು ಹರಕು, ಸುತ್ತ ಬರೀ ಬಿಳುಪು. ಬಲನಳಿಗೆ, ಎಂಟನೇ ನಂಬರಿನ ಬಟ್ಟೆ ಸಾಸಿವೆ ಚೆಲ್ಲಿದ ಹಾಗೆ ಸುತ್ತಿನ ತುಂಬ ಸಮನಾಗಿತ್ತು.

"ಬಾತು ದೂರ ಇತ್ತು ಆಗ," ಎಂದರು ಅಕ್ಕ ಮೆಲ್ಲಗೆ. ಎದ್ದು, ಸೊಂಟದ ಚೀಲದಲ್ಲಿದ್ದ ಆರನೇ ನಂಬರಿನ ತೋಟಾಗಳನ್ನು ಗಂಡನ ಕೈಗೆ ಸುರಿದು, ಬಲನಳಿಗೆಗೆ ಎಂಟನೇ ನಂಬರು ತುಂಬಿದರು.

ಐದನೆಯ ಬಿಲ್ಲೆ ಕಪ್ಪು ಪುಡಿಯಾಯಿತು. ಆರನೆಯದು ಎರಡು ಹೋಳಾಯಿತು. ಏಳನೆಯದು ತಪ್ಪಿತು, ಅಕ್ಕನಿಗೆ ಆಗಲೂ ನಗು ಪೂರ್ತಿ ನಿಂತಿರಲಿಲ್ಲ, ಬೆನ್ನು ಅಲುಗುತ್ತಿತ್ತು. ಎಂಟು ಒಡೆಯಿತು. ಒಂಬತ್ತು ಒಡೆಯಿತು. ನಾಲ್ಕಾಯಿತು. ಉಳಿದದ್ದು ಒಂದು.

ಹತ್ತನೆಯದು ಹಾರಿದಾಗಲೇ ಗಾಳಿ ಜೋರಾಗಿ ಬೀಸಿ ಕಾಕಾರ ಟೋಪಿ ಎದ್ದಿತು. ಅವರು ಅದನ್ನು ಹಿಡಿಯಲು ಬಗ್ಗಿದರು. ಕೋವಿ ಸದ್ದು ಮಾಡಿತು. ನೋಡುವಷ್ಟರಲ್ಲಿ ಬಿಲ್ಲೆ ದಿಬ್ಬದ ಆಚೆಗೆ ಇಳಿದುಹೋಗಿತ್ತು. ಕಾಕಾ ಟೋಪಿ ಒತ್ತಿಕೊಂಡು ಎದ್ದು ನಿಂತು, ತಾನು ನೋಡಲಿಲ್ಲ ಎಂದು ಒಪ್ಪಿಕೊಂಡರು. ಒಂದು ಚೂರಾದರೂ ಉದುರಿದ್ದನ್ನು ಯಾರಾದರೂ ಕಂಡಿದ್ದರೆ ಲೆಕ್ಕಕ್ಕೆ ಬರುತ್ತದೆ. ಕಂಡಿರಾ?

"ನಂಗೆ ಗೊತ್ತಾಗ್ಲಿಲ್ಲ," ಎಂದರು ಅಕ್ಕ. "ಕಣ್ಣು ಮಂಜಾಗಿತ್ತು."

ಎಲ್ಲರೂ ನನ್ನ ಕಡೆ ನೋಡಿದರು. ಆಗಲೇ ಒಂದು ತಪ್ಪು ಲೆಕ್ಕ ಕೊಟ್ಟಾಗಿತ್ತು, ಇನ್ನೊಂದು ಕೊಡಲು ಧೈರ್ಯ ಬರಲಿಲ್ಲ. ನೋಡಲಿಲ್ಲ ಎಂದೆ.

"ನಾನು ನೋಡಿದೆ," ಎಂದರು ಯಜಮಾನರು. "ಎಡಗಡೆ ಅಂಚು ಹೋಯ್ತು. ಇಷ್ಟು." ಹೆಬ್ಬೆರಳಿನ ಉಗುರು ತೋರಿಸಿದರು. ಕಾಕಾ ತಲೆಯಾಡಿಸಿ ಐದು ಎಂದು ಬರೆದುಕೊಂಡರು.

ನಾನು ಬಿಲ್ಲೆಯನ್ನು ನೋಡದಿರಲು ಕಾರಣ, ಆ ಹೊತ್ತಿನಲ್ಲಿ ಯಜಮಾನರನ್ನೇ ನೋಡುತ್ತಿದ್ದೆ. ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಆರನೇ ನಂಬರಿನ ತೋಟಾಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದರು. ಸದ್ದು ಅಡಗಿ ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದರು.

ವಾಪಸ್ಸು ಬರುವಾಗ ದಾರಿಯ ಎಸ್‌ಟಿಡಿ ಅಂಗಡಿಯ ಮುಂದೆ ರಿಕ್ಷಾ ನಿಲ್ಲಿಸಿ ಯಜಮಾನರು ಡೀಲರಿಗೆ ಫೋನ್ ಮಾಡಿದರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಮಾತು ನಮಗೆ ಕೇಳುತ್ತಿತ್ತು. "ನಹೀ ಭಾಯಿ, ಬೇಚನಾ ನಹೀ ಹೈ. ಮೇರಾ ನಹೀ ಹೈ ನಾ ವೋ, ಉನಕಾ ಹೈ." ಮಾರುವುದಿಲ್ಲ, ಅದು ನನ್ನದಲ್ಲ, ಅವಳದು. ಅಕ್ಕ ರಿಕ್ಷಾದಲ್ಲಿ ಕೋವಿಯನ್ನು ಅಡ್ಡ ಮಲಗಿಸಿಕೊಂಡು, ಜರಿಸೀರೆಯನ್ನು ಮತ್ತೆ ನೀಟಾಗಿ ಸುತ್ತುತ್ತಿದ್ದರು.